ಬಂಕಾಪುರದ ಮೂರು ದಿನ

2024ರ ಏಪ್ರಿಲ್. ಲೋಕಸಭಾ ಚುನಾವಣೆಯ ಬಿಸಿ, ಅದರ ಮೇಲೆ ಬಯಲುಸೀಮೆಯ ಬಿಸಿಲು. ಧಾರವಾಡ ಕ್ಷೇತ್ರದಲ್ಲಿ ದಿಂಗಾಲೇಶ್ವರ ಸ್ವಾಮೀಜಿ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದ್ದರು, ಕೆಲವೇ ದಿನಗಳಲ್ಲಿ ವಾಪಸ್ ತಗೊಂಡರು. ನಮ್ಮಂಥ ಚಾನೆಲ್‌ಗಳಿಗೆ ಅಷ್ಟು ಸಾಕಲ್ವಾ? ಅಲ್ಲಿಯವರೆಗೆ ಎಷ್ಟೋ ಜನರಿಗೆ ಎಲ್ಲಿದೆ ಅಂತಲೇ ಗೊತ್ತಿರದ ಬಾಳೆಹೊಸೂರು ಅನ್ನೋ ಊರಿನ ಹೆಸರು ಇಡೀ ರಾಜ್ಯದ ಟಿವಿ ಪರದೆ ಮೇಲೆ ಓಡಿತು. ನಾನೂ ಹೋದೆ. ಮಠದ ಮುಂದೆ ನಿಂತು, ಮೈಕ್ ಹಿಡಿದು, ಮಠಕ್ಕೂ ಅಧಿಕಾರಕ್ಕೂ ಏನು ನಂಟು ಅಂತ ಕೇಳಿದೆ. ಕೇಳಿದ ಪ್ರಶ್ನೆ ತಪ್ಪಲ್ಲ. ಆದರೆ ಅಲ್ಲೇ ಚಹಾದಂಗಡಿಯಲ್ಲಿ ಕೂತಿದ್ದ ಒಬ್ಬ ನಿವೃತ್ತ ಮೇಷ್ಟ್ರು ನನಗೆ ತಿರುಗಿ ಒಂದು ಪ್ರಶ್ನೆ ಹಾಕಿದರು.

"ಸ್ವಾಮ್ಯಾರು ರಾಜಕೀಯಕ್ಕ ಬಂದ್ರ ಕ್ಯಾಮೆರಾ ತಗೊಂಡು ಓಡಿ ಬರ್ತೀರಿ. ಒಬ್ಬ ರಾಜ ರಾಜ್ಯ ಬಿಟ್ಟು ಗುರುವಿನ ಕಡೆ ಹೋಗಿ ಪ್ರಾಣ ಬಿಟ್ಟಿದ್ದು ಗೊತ್ತೈತೇನ್ರಿ ನಿಮಗ? ಭಾಳ ದೂರ ಅಲ್ಲ. ಇಲ್ಲೇ, ಬಂಕಾಪುರದಾಗ."

ನಿಜ ಹೇಳ್ತೀನಿ, ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದವನು ನಾನು. ಇತಿಹಾಸ ಅಂದ್ರೆ ಹತ್ತನೇ ಕ್ಲಾಸಿನ ಪುಸ್ತಕ, ಅದರಲ್ಲಿ ಗಂಗರು ಅಂದ್ರೆ ಶ್ರವಣಬೆಳಗೊಳ, ಮುಗೀತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಕಿ ಓದಿದೆ. ಓದ್ತಾ ಓದ್ತಾ ಈ ಮನುಷ್ಯ ನನ್ನನ್ನ ಬಿಡಲಿಲ್ಲ. ಹೆಸರು ಮಾರಸಿಂಹ. ಗಂಗವಂಶದ ಎರಡನೇ ಮಾರಸಿಂಹ. ಸೋತ ಪಕ್ಷದ ದೊಡ್ಡ ಸೇನಾನಿ, ಅಪ್ಪಟ ಜೈನ ಧರ್ಮಿಷ್ಠ.

ಮೊದಲು ಈ ಸೀಮೆಗೂ ಅವನಿಗೂ ಏನು ಸಂಬಂಧ ಅಂತ ನೋಡೋಣ. ಇವತ್ತಿನ ಲಕ್ಷ್ಮೇಶ್ವರಕ್ಕೆ ಆಗ ಪುಲಿಗೆರೆ ಅಂತ ಹೆಸರು. ತನ್ನ ಕಾವ್ಯದ ಕನ್ನಡ ಈ ಪುಲಿಗೆರೆಯ ತಿರುಳ್ಗನ್ನಡ ಅಂತ ಪಂಪ 941ರಲ್ಲೇ ಹೆಮ್ಮೆಯಿಂದ ಹೇಳಿಕೊಂಡಿದ್ದ. ಸುತ್ತಲಿನ ನಾಡಿಗೆ ಪುಲಿಗೆರೆ ಮುನ್ನೂರು ಅಂತ ಕರೀತಿದ್ದರು. ಪಕ್ಕದಲ್ಲೇ ಬೆಳ್ವೊಲ ಮುನ್ನೂರು. ಎರಡೂ ರಾಷ್ಟ್ರಕೂಟರ ನಾಡು. ಗಂಗರ ಕೈಗೆ ಹೇಗೆ ಬಂತು? ಮದುವೆಯಿಂದ ಮತ್ತು ಯುದ್ಧದಿಂದ.

ಮಾರಸಿಂಹನ ಅಪ್ಪ ಎರಡನೇ ಬೂತುಗ. ತನ್ನ ಅಣ್ಣ ರಾಚಮಲ್ಲನನ್ನೇ ಕೊಂದು ಗಂಗವಾಡಿಯ ಗದ್ದುಗೆ ಏರಿದವನು. ಅದಕ್ಕೆ ಬೆನ್ನಿಗೆ ನಿಂತವನು ರಾಷ್ಟ್ರಕೂಟರ ಮೂರನೇ ಕೃಷ್ಣ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನ ಬೂತುಗ ಮದುವೆಯಾಗಿದ್ದ. 949ರಲ್ಲಿ ಇವತ್ತಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ಚೋಳರ ಜೊತೆ ದೊಡ್ಡ ಯುದ್ಧ ನಡೀತು. ಆನೆ ಮೇಲಿದ್ದ ಚೋಳ ಯುವರಾಜ ರಾಜಾದಿತ್ಯನನ್ನ ಬೂತುಗ ಕೊಂದ. ಅದಕ್ಕೆ ಕೃಷ್ಣ ಅವನಿಗೆ ಬನವಾಸಿ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳನ್ನ ಕೊಟ್ಟ ಅಂತ ಆತಕೂರಿನ ಶಾಸನ ಹೇಳುತ್ತೆ. ಇವು ಮದುವೆಯ ಬಳುವಳಿಯಾಗಿಯೂ ಬಂದಿದ್ದವು ಅಂತ ಇನ್ನೊಂದು ಶಾಸನ ಹೇಳುತ್ತೆ. ಬಳುವಳಿಯೋ ಬಹುಮಾನವೋ, ಗಂಗರು ಇಲ್ಲಿಗೆ ಬಂದರು.

ಆತಕೂರು ಶಾಸನ ಅಂದ ಕೂಡಲೇ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಅದು ಕಾಳಿ ಅನ್ನೋ ನಾಯಿಯ ಕಲ್ಲು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಬೂತುಗ ಏನು ಬೇಕು ಕೇಳು ಅಂದ. ಅವನು ರಾಜನ ಬೇಟೆನಾಯಿ ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿದರು. ಇವತ್ತೂ ಬೆಂಗಳೂರಿನ ಮ್ಯೂಸಿಯಂನಲ್ಲಿದೆ, ಹೋಗಿ ನೋಡಿ. ಒಬ್ಬ ಯುವರಾಜನ ಸಾವು ಮತ್ತು ಒಂದು ನಾಯಿಯ ಸಾವು ಒಂದೇ ಕಲ್ಲಿನ ಮೇಲೆ. ಆ ಕಾಲದ ಮನಸ್ಸು ಹಾಗಿತ್ತು.

ಮಾರಸಿಂಹ ಪಟ್ಟಕ್ಕೆ ಬಂದಿದ್ದು 963ರಲ್ಲಿ. ಬಂದವನೇ ಮೂರನೇ ಕೃಷ್ಣನ ಬಲಗೈ ಆದ. ಕೃಷ್ಣನಿಗಾಗಿ ಉತ್ತರಕ್ಕೆ ದಂಡೆತ್ತಿ ಹೋಗಿ 'ಘೂರ್ಜರಾಧಿರಾಜ' ಅಂತ ಬಿರುದು ಪಡೆದ. ವಿಂಧ್ಯದ ಕಾಡಿನ ಕಿರಾತರನ್ನ ಚದುರಿಸಿದ. ಉಚ್ಚಂಗಿ ಕೋಟೆ ಹಿಡಿದ. ನೊಳಂಬರನ್ನ ಎಷ್ಟು ನಿರ್ದಯವಾಗಿ ಬಡಿದ ಅಂದ್ರೆ, ಅವನಿಗೆ 'ನೊಳಂಬಕುಲಾಂತಕ' ಅಂತಲೇ ಹೆಸರಾಯ್ತು. ಒಂದು ಕುಲಕ್ಕೆ ಯಮ! ಇದನ್ನ ಬಿರುದು ಅಂತ ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದಾರೆ, ಆರೋಪ ಅಂತ ಅಲ್ಲ.

ಅದೇ ಮನುಷ್ಯ ಪುಲಿಗೆರೆಯಲ್ಲಿ ಜಿನಾಲಯ ಕಟ್ಟಿಸ್ತಾನೆ. ಅದರ ಹೆಸರು ಗಂಗಕಂದರ್ಪ ಜಿನಾಲಯ. ಗಂಗಕಂದರ್ಪ ಅನ್ನೋದು ಅವನದೇ ಬಿರುದು. ಶಕ 890, ಅಂದರೆ 968ರ ಸುಮಾರಿಗೆ, ಅದಕ್ಕೆ ಭೂಮಿ ಬಿಟ್ಟು ಜಯದೇವ ಪಂಡಿತನಿಗೆ ದಾನ ಕೊಟ್ಟ ಅಂತ ಲಕ್ಷ್ಮೇಶ್ವರದ ಶಾಸನ ಹೇಳುತ್ತೆ. ಆಳಿದ ಊರಿಗೆ ರಾಜ ಒಂದು ದೇವಾಲಯ ಕಟ್ಟಿಸೋದು ದೊಡ್ಡ ವಿಷಯ ಅಲ್ಲ, ಎಲ್ಲರೂ ಕಟ್ಟಿಸಿದ್ದಾರೆ. ನಾನು ಲಕ್ಷ್ಮೇಶ್ವರಕ್ಕೆ ಇನ್ನೊಮ್ಮೆ ಹೋಗಿ ಶಂಖ ಬಸದಿ, ಅನಂತನಾಥ ಬಸದಿ ಎರಡನ್ನೂ ನೋಡಿದೆ. ಸೋಮೇಶ್ವರನ ಗುಡಿಯನ್ನೂ ನೋಡಿದೆ. ಬಸ್‌ಸ್ಟ್ಯಾಂಡಿನಿಂದ ಬಸದಿವರೆಗೆ ಏಳೆಂಟು ಜನರನ್ನ ಕೇಳಿದೆ. ಪಂಪ ಎಲ್ಲರಿಗೂ ಗೊತ್ತು. ಮಾರಸಿಂಹ ಯಾರಿಗೂ ಗೊತ್ತಿಲ್ಲ.

967ರಲ್ಲಿ ಕೃಷ್ಣ ಸತ್ತ. ಅಲ್ಲಿಂದ ಇಳಿಜಾರು. ಅವನ ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ. 972ರಲ್ಲಿ ಮಾಳವದ ಪರಮಾರ ಸೀಯಕ ದಂಡೆತ್ತಿ ಬಂದು ರಾಜಧಾನಿ ಮಾನ್ಯಖೇಟವನ್ನ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನ, ಲೂಟಿ ಮಾಡಿದ. ಈ ಲೂಟಿಯ ತಾರೀಖು ನಮಗೆ ಎಲ್ಲಿಂದ ಸಿಗುತ್ತೆ ಗೊತ್ತಾ? ಒಂದು ಪದಕೋಶದಿಂದ. ಧಾರಾನಗರದಲ್ಲಿದ್ದ ಧನಪಾಲ ಅನ್ನೋ ಕವಿ ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟು ಬರೆದ. ಮುಗಿಸುವಾಗ, ಮಾಳವದ ದೊರೆ ಮಾನ್ಯಖೇಟವನ್ನ ಕೊಳ್ಳೆ ಹೊಡೆದ ವರ್ಷ ಇದು ಅಂತ ಗುರುತು ಹಾಕಿದ. ಇಲ್ಲಿ ಊರು ಉರೀತಿತ್ತು. ಅಲ್ಲಿ ಗೆದ್ದವರ ಊರಲ್ಲಿ ಅಣ್ಣ ತಂಗಿಗೆ ಶಬ್ದಾರ್ಥ ಬರೆದುಕೊಡ್ತಿದ್ದ.

ಮಾನ್ಯಖೇಟದಲ್ಲಿ ಚಕ್ರವರ್ತಿಯ ಸೈನ್ಯವನ್ನ ಕಾಪಾಡಿದವನು ಮಾರಸಿಂಹ ಅಂತ ಅವನ ಶಾಸನ ಹೇಳುತ್ತೆ. ಆದರೆ ನಿಜವಾದ ಪೆಟ್ಟು ಒಳಗಿನಿಂದ ಬಂತು. 973ರಲ್ಲಿ ರಾಷ್ಟ್ರಕೂಟರ ಸಾಮಂತನೇ ಆಗಿದ್ದ, ತರ್ದವಾಡಿಯ ಚಾಲುಕ್ಯ ತೈಲಪ ಎದ್ದ. ಎರಡನೇ ಕರ್ಕನನ್ನ ಕಿತ್ತೊಗೆದ. ತೈಲಪನ ಹೆಂಡತಿ ಜಾಕವ್ವೆ ರಾಷ್ಟ್ರಕೂಟರ ಮನೆಮಗಳು. ಗಂಗರೂ ರಾಷ್ಟ್ರಕೂಟರ ಬೀಗರು. ಅಂದರೆ ಇದು ಬೀಗರು ಬೀಗರ ನಡುವಿನ ಯುದ್ಧ. ಎರಡೂ ಕಡೆ ಕನ್ನಡ ಮಾತಾಡೋರು. ಮುಂದೆ ಬರೋ ಹಾಗೆ, ಎರಡೂ ಕಡೆ ಜೈನರು.

ಮಾರಸಿಂಹ ಸುಮ್ಮನೆ ಕೂರಲಿಲ್ಲ. ಕೃಷ್ಣನ ಮೊಮ್ಮಗ ಇಂದ್ರ ಅವನಿಗೆ ಸೋದರಳಿಯ. ಆ ಹುಡುಗನಿಗೆ ಪಟ್ಟ ಕಟ್ಟಿ, ಇವನೇ ರಾಷ್ಟ್ರಕೂಟ ಚಕ್ರವರ್ತಿ ಅಂತ ಸಾರಿದ. ಆಗಲೇ ಬಿದ್ದುಹೋಗಿದ್ದ ಸಾಮ್ರಾಜ್ಯಕ್ಕೆ ಒಬ್ಬ ನಾಲ್ಕನೇ ಇಂದ್ರ ಬಂದ.

ಆಮೇಲೆ? ಆಮೇಲೆ ರಾಜ್ಯ ಬಿಟ್ಟುಬಿಟ್ಟ.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ, ಬಸದಿಗಳ ಆವರಣದ ದಕ್ಷಿಣ ಬಾಗಿಲ ಹತ್ತಿರ ಹೋದರೆ ಕೂಗೆ ಬ್ರಹ್ಮದೇವರ ಕಂಬ ಇದೆ. ತುದಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತ ಪುಟ್ಟ ಬ್ರಹ್ಮದೇವ. ಹೆಚ್ಚಿನವರು ದೊಡ್ಡಬೆಟ್ಟದ ಗೊಮ್ಮಟನನ್ನ ನೋಡಿ ಇಳಿದು ಬಸ್ ಹತ್ತುತ್ತಾರೆ, ಈ ಕಡೆ ಬರೋದು ಕಡಿಮೆ. ಆ ಕಂಬದ ಮೇಲಿರೋದು ಮಾರಸಿಂಹನ ಸ್ಮಾರಕ ಶಾಸನ. ಲೂಯಿಸ್ ರೈಸ್ 1889ರಲ್ಲೇ ಬೆಳಗೊಳದ ಶಾಸನಗಳನ್ನೆಲ್ಲ ಅಚ್ಚು ಹಾಕಿಸಿದ. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನ ಪರಿಷ್ಕರಿಸಿದರು. ಸಂಸ್ಕೃತವೂ ಇದೆ, ಕನ್ನಡವೂ ಇದೆ. ಬಹುಪಾಲು ಜಾಗ ಯುದ್ಧಕ್ಕೆ. ಯಾರನ್ನ ಓಡಿಸಿದ, ಯಾರನ್ನ ಹಿಡಿದ, ಯಾವ ಕೋಟೆ ಒಡೆದ. ಬಿರುದಿನ ಮೇಲೆ ಬಿರುದು. ಕೊನೆಗೆ ಕೆಲವೇ ಮಾತು: ಹಲವು ಕಡೆ ಬಸದಿಗಳನ್ನೂ ಮಾನಸ್ತಂಭಗಳನ್ನೂ ಕಟ್ಟಿಸಿದ, ರಾಜ್ಯ ತ್ಯಜಿಸಿ ಒಂದು ವರ್ಷವಾದ ಮೇಲೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತ ಹಿಡಿದು ಸಮಾಧಿ ಪಡೆದ. ಕಾಲ 974–75. ಅಷ್ಟೇ.

ನನಗೆ ಈ 'ಮೂರು ದಿನ' ಅನ್ನೋದು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆ ಅಂತ ಹೇಳಬೇಕಾದ್ರೆ 2015ಕ್ಕೆ ಹೋಗಬೇಕು.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನ, ಅವರ ಕಡೆ ಸಂಥಾರಾ ಅಂತಾರೆ, ಆತ್ಮಹತ್ಯೆಗೆ ಸಮ ಅಂತ ತೀರ್ಪು ಕೊಟ್ಟಿತು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಆಗ ನಾನು ಇನ್ನೂ ಡೆಸ್ಕ್‌ನಲ್ಲಿ ಪಟ್ಟಿ ಬರೆಯುವ ಹುಡುಗ. ಆ ರಾತ್ರಿಯ ಚರ್ಚೆಗೆ 'ವ್ರತವೋ? ಆತ್ಮಹತ್ಯೆಯೋ?' ಅಂತ ಪರದೆ ತುಂಬ ಹಾಕಿದವನು ನಾನೇ. ನಾಲ್ಕು ಕಿಟಕಿ, ನಾಲ್ಕು ಜನ, ಯಾರೂ ಯಾರ ಮಾತೂ ಕೇಳಲಿಲ್ಲ. ಟಿಆರ್‌ಪಿ ಚೆನ್ನಾಗಿ ಬಂತು. ಒಬ್ಬ ವಯಸ್ಸಾದ ಜೈನ ವಿದ್ವಾಂಸರು ಶಾಂತವಾಗಿ ಏನೋ ವಿವರಿಸ್ತಿದ್ದರು. ಅವರ ಧ್ವನಿಯನ್ನ ಪಿಸಿಆರ್‌ನಲ್ಲಿ ಕಡಿಮೆ ಮಾಡಿದ್ದು ನನಗೆ ನೆನಪಿದೆ.

ಅವರು ಹೇಳ್ತಿದ್ದದ್ದು ಏನು ಅಂತ ಈಗ ಓದಿ ತಿಳ್ಕೊಂಡೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ ಸಂದರ್ಭಗಳನ್ನ ಹೇಳುತ್ತೆ: ಪಾರಾಗಲಾಗದ ಉಪಸರ್ಗ, ಬರಗಾಲ, ಮುಪ್ಪು, ಮದ್ದಿಲ್ಲದ ರೋಗ. ಬೇಜಾರಾಯ್ತು, ಸೋತೆ, ಅವಮಾನ ಆಯ್ತು ಅನ್ನೋದಕ್ಕೆಲ್ಲ ಅಲ್ಲಿ ಜಾಗ ಇಲ್ಲ. ಗುರುವಿನ ಒಪ್ಪಿಗೆ ಬೇಕು. ಆಹಾರವನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ದ್ವೇಷ, ಮೋಹ ಎರಡನ್ನೂ ಬಿಟ್ಟು, ಎಲ್ಲರ ಹತ್ರ ಕ್ಷಮೆ ಕೇಳಿ, ಎಲ್ಲರನ್ನೂ ಕ್ಷಮಿಸಿ ಕೂರಬೇಕು.

ಈಗ ಆ ಮೂರು ದಿನದ ಲೆಕ್ಕ ಹಾಕಿ. ಗಟ್ಟಿಮುಟ್ಟಾದ ಸೈನಿಕ ಊಟ ಬಿಟ್ಟ ಮೂರನೇ ದಿನಕ್ಕೆ ಸಾಯಲ್ಲ. ಸತ್ತ ಅಂದ್ರೆ, ಬಂಕಾಪುರದಲ್ಲಿ ಕೂತಾಗ ದೇಹ ಆಗಲೇ ಕೊನೆಯ ಅಂಚಿಗೆ ಬಂದಿರಬೇಕು. ಕಾಯಿಲೆಯೋ, ಹಳೇ ಗಾಯವೋ, ವರ್ಷವಿಡೀ ಮಾಡಿದ ಕಠಿಣ ತಪಸ್ಸೋ. ಮೂರು ದಿನ ಅನ್ನೋದು ಕೊನೆಯ ಮೆಟ್ಟಿಲು ಮಾತ್ರ. ಅದರ ಹಿಂದಿನ ಒಂದು ವರ್ಷವೇ ಇಡೀ ಏಣಿ. ಹಾಗಾಗಿ 'ಸಾಮ್ರಾಜ್ಯ ಬಿತ್ತು, ಎದೆ ಒಡೆದು ಪ್ರಾಣ ಬಿಟ್ಟ' ಅಂತ ಕೆಲವರು ಸಿನಿಮಾ ಥರ ಬರೆಯೋದನ್ನ ನಾನು ನಂಬಲ್ಲ. ಸೋಲಿನ ಬೇಗೆಯಲ್ಲಿ ಬಂದವನಿಗೆ ಅಜಿತಸೇನರಂಥ ಗುರು ವ್ರತ ಕೊಡ್ತಿದ್ದರಾ? ಕೊಡ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ.

ಹಾಗಂತ ಇನ್ನೊಂದು ಬದಿಗೆ ಬೀಳೋದೂ ಬೇಡ. 'ರಾಜರ್ಷಿ' ಅಂತ ಹಾರ ಹಾಕಿ, ಧೂಪ ಹಾಕಿ, ನೊಳಂಬರನ್ನ ಮರೆತುಬಿಡೋದು. ಆ ಶಾಸನದಲ್ಲಿ ಪಶ್ಚಾತ್ತಾಪದ ಒಂದು ಮಾತಿಲ್ಲ, ಗಮನಿಸಿ. ಕೊಂದಿದ್ದಕ್ಕೂ ಹೆಮ್ಮೆ, ಬಿಟ್ಟಿದ್ದಕ್ಕೂ ಹೆಮ್ಮೆ. ಕಳಿಂಗ ಯುದ್ಧದ ಮೇಲೆ ತನಗಾದ ದುಃಖವನ್ನ ಅಶೋಕ ಬಂಡೆಯ ಮೇಲೆ ಬರೆಸಿದ. ಆ ಥರದ್ದು ಇಲ್ಲಿಲ್ಲ. ಒಂದು ಕುಲದ ಯಮ ಅಂತ ಕರೆಸಿಕೊಂಡವನು ಕೊನೆಗೆ ಇರುವೆಗೂ ನೋವಾಗಬಾರದು ಅನ್ನೋ ವ್ರತದಲ್ಲಿ ಸತ್ತ. ಕೆತ್ತಿದವನಿಗೆ ಇದರಲ್ಲಿ ಯಾವ ವಿರೋಧವೂ ಕಾಣಲಿಲ್ಲ. ನಮಗೆ ಕಾಣುತ್ತೆ. ಕಾಣಬೇಕು ಕೂಡ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಭಕ್ತಿಯಿಂದ ಯುದ್ಧವನ್ನ ತೊಳೆಯೋ ಕೆಲಸ ಜಗತ್ತಿನಲ್ಲಿ ಬೇರೆ ಕಡೆಯೂ ನಡೆದಿದೆ. ಅಮೆರಿಕದ ಅಂತರ್ಯುದ್ಧ ನೋಡಿ, 1861ರಿಂದ 65. ಗುಲಾಮಗಿರಿ ಉಳಿಸಿಕೊಳ್ಳೋಕೆ ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟ ಸೋತಿತು. ಅವರ ಸೇನಾಪತಿ ರಾಬರ್ಟ್ ಲೀಯ ಫಿರಂಗಿ ದಳದ ಮುಖ್ಯಸ್ಥ ವಿಲಿಯಂ ಪೆಂಡಲ್‌ಟನ್. ಮೂಲತಃ ಚರ್ಚಿನ ಪಾದ್ರಿ! ಅವನ ಮೊದಲ ನಾಲ್ಕು ಫಿರಂಗಿಗಳಿಗೆ ಇಟ್ಟ ಹೆಸರು ಮ್ಯಾಥ್ಯೂ, ಮಾರ್ಕ್, ಲ್ಯೂಕ್, ಜಾನ್. ನಾಲ್ಕು ಸುವಾರ್ತೆಗಳ ಹೆಸರು. ಸೋತ ಮೇಲೆ ಲೆಕ್ಸಿಂಗ್‌ಟನ್ ಊರಿನ ತನ್ನ ಚರ್ಚಿಗೇ ವಾಪಸ್ ಹೋದ. 1883ರಲ್ಲಿ ಸಾಯೋವರೆಗೂ ಅಲ್ಲೇ ಇದ್ದ. ಆದರೆ ಸುಮ್ಮನೆ ಇರಲಿಲ್ಲ. ಲೀ ಸ್ಮಾರಕಕ್ಕೆ ಊರೂರು ತಿರುಗಿ ಹಣ ಎತ್ತಿದ, ಭಾಷಣ ಮಾಡಿದ. ಸೋತ ಒಕ್ಕೂಟ ಪವಿತ್ರವಾಗಿತ್ತು, ಸೋತವರು ಸಂತರಾಗಿದ್ದರು ಅನ್ನೋ ಕಥೆ ಹೀಗೆ ಪೀಠದಿಂದ ಪೀಠಕ್ಕೆ ಬೆಳೀತು. ಆ ಕಥೆಯಲ್ಲಿ ಗುಲಾಮರು ಮಾಯ. ಅದರ ಪ್ರತಿಮೆಗಳನ್ನ ಇಳಿಸೋದಾ ಬೇಡವಾ ಅಂತ ಅಮೆರಿಕ ಇವತ್ತಿಗೂ ಜಗಳಾಡ್ತಿದೆ.

ಮಾರಸಿಂಹ ಮತ್ತು ಪೆಂಡಲ್‌ಟನ್ ಒಂದೇ ಅಂತ ನಾನು ಹೇಳ್ತಿಲ್ಲ. ಸಾವಿರ ವರ್ಷದ ಅಂತರ, ಕಾರಣಗಳೂ ಬೇರೆ. ಇಬ್ಬರೂ ಸೋತ ಮೇಲೆ ಧರ್ಮದ ಬಾಗಿಲಿಗೆ ಹೋದರು, ಅಷ್ಟು ಹೋಲಿಕೆ. ಆದರೆ ಮಾರಸಿಂಹ ಅಲ್ಲಿ ಕೂತು ಮುಂದಿನ ಯುದ್ಧಕ್ಕೆ ಜನ ಸೇರಿಸಲಿಲ್ಲ, ಕಳೆದ ಯುದ್ಧವನ್ನ ಪೂಜೆಗೂ ಇಡಲಿಲ್ಲ. ಅವನ ಪರವಾಗಿ ಹೇಳೋದಾದ್ರೆ ನಾನು ಇದೊಂದನ್ನ ಹೇಳ್ತೀನಿ.

ಅವನ ವಿರುದ್ಧ ಹೇಳೋದೂ ಇದೆ. ಅಳಿಯನ ತಲೆ ಮೇಲೆ ಕಿರೀಟ ಇಟ್ಟು ತಾನು ಹೊರಟುಬಿಟ್ಟ. ಇಂದ್ರ ಏನು ಮಾಡಬೇಕಿತ್ತು? ಅವನ ಹಿಂದೆ ಸೈನ್ಯ ಇಲ್ಲ, ರಾಜಧಾನಿ ಇಲ್ಲ. ಗಂಗರ ಪಾಂಚಲದೇವ ಉತ್ತರದ ಭಾಗಕ್ಕೆ ತಾನೇ ರಾಜ ಅಂತ ಎದ್ದ. ಕೆಲವೇ ವರ್ಷಗಳಲ್ಲಿ ತೈಲಪ ಅವನನ್ನೂ ಕೊಂದ. ಅಲ್ಲಿಗೆ ಪುಲಿಗೆರೆ, ಬೆಳ್ವೊಲ ಎಲ್ಲ ಚಾಲುಕ್ಯರ ಪಾಲು. ಇತ್ತ ಗಂಗವಾಡಿಯ ಒಳಜಗಳವನ್ನ ನಿಭಾಯಿಸಿದವನು ಮಾರಸಿಂಹನ ಮಂತ್ರಿ, ದಂಡನಾಯಕ ಚಾವುಂಡರಾಯ. ಅವನೂ ಅದೇ ಯುದ್ಧಗಳ ಹಳೇ ಹುಲಿ, ಅವನಿಗೂ ಗುರು ಅಜಿತಸೇನರೇ. ಗೋನೂರಿನ ಕಾಳಗದಲ್ಲಿ ನೊಳಂಬರನ್ನ ಗೆದ್ದು ವೀರಮಾರ್ತಾಂಡ ಅನ್ನಿಸಿಕೊಂಡವನು. 978ರಲ್ಲಿ ಅವನ ಚಾವುಂಡರಾಯ ಪುರಾಣ ಬಂತು, 981ರ ಹೊತ್ತಿಗೆ ದೊಡ್ಡಬೆಟ್ಟದ ಮೇಲೆ 58 ಅಡಿಯ ಗೊಮ್ಮಟ ಎದ್ದು ನಿಂತ. ಅಣ್ಣನನ್ನ ಗೆದ್ದ ಕ್ಷಣದಲ್ಲೇ ರಾಜ್ಯ ಬೇಡ ಅಂದವನ ಮೂರ್ತಿ. ತನ್ನ ಒಡೆಯನ ಅಪ್ಪ ಅಣ್ಣನನ್ನ ಕೊಂದು ರಾಜನಾದವನು ಅನ್ನೋದು ಚಾವುಂಡರಾಯನಿಗೆ ಗೊತ್ತಿರಲೇಬೇಕಲ್ಲ!

ಅಜಿತಸೇನರ ಇನ್ನೊಬ್ಬ ಶಿಷ್ಯ ರನ್ನ. ಮುಧೋಳದ ಹುಡುಗ. ಗಂಗರ ಆಸರೆಯಲ್ಲಿ ಬೆಳೆದು, ಆಮೇಲೆ ಗೆದ್ದವರ ಕಡೆ, ತೈಲಪನ ಆಸ್ಥಾನಕ್ಕೆ ಹೋದ. ಪಕ್ಷಾಂತರ ಅಂತ ಹೆಡ್‌ಲೈನ್ ಹಾಕಬಹುದು. ಆದರೆ ಆ ಕಡೆಯೂ ಇದ್ದದ್ದು ಇದೇ ಗದಗ ಸೀಮೆಯ ಲಕ್ಕುಂಡಿಯ ಅತ್ತಿಮಬ್ಬೆ, ತೈಲಪನ ಸೇನಾನಿ ನಾಗದೇವನ ಹೆಂಡತಿ. ಅವಳೇ ಬರೆಸಿದ್ದು 993ರ ಅಜಿತಪುರಾಣ. ಸೋತವರ ಜಿನಾಲಯ ಪುಲಿಗೆರೆಯಲ್ಲಿ, ಗೆದ್ದವರ ಜಿನಾಲಯ ಲಕ್ಕುಂಡಿಯಲ್ಲಿ, ಒಂದೇ ಜಿಲ್ಲೆಯೊಳಗೆ. ಅದೇ ರನ್ನ ಚಾಲುಕ್ಯ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿ ಗದಾಯುದ್ಧ ಬರೆದ. ಓದಿದವರ ಮನಸ್ಸಲ್ಲಿ ಉಳಿಯೋದು ಮಾತ್ರ ಸೋತ ದುರ್ಯೋಧನ. ಗೆದ್ದವರ ಅನ್ನ ತಿಂದು ಸೋತವನನ್ನ ಅಷ್ಟು ದೊಡ್ಡವನನ್ನಾಗಿ ಮಾಡುವಾಗ ರನ್ನನ ಕಣ್ಣ ಮುಂದೆ ಬಂಕಾಪುರ ಬಂದಿರಬಹುದಾ? ಇದು ನನ್ನ ಊಹೆ, ಪಂಡಿತರು ಬೈಯಬಹುದು.

ಕಳೆದ ಸಲ ಗದಗಕ್ಕೆ ಹೋದಾಗ ಬಂಕಾಪುರಕ್ಕೂ ಹೋಗಿ ಬಂದೆ. ಹಾವೇರಿ ಜಿಲ್ಲೆ, ಶಿಗ್ಗಾವಿ ತಾಲೂಕು. ಕೋಟೆಯೊಳಗೆ ಈಗ ನವಿಲುಧಾಮ. ಅರವತ್ತು ಕಂಬದ ನಗರೇಶ್ವರ ಗುಡಿ ಇದೆ, ಚೆನ್ನಾಗಿದೆ. ಬಾಳೆಹೊಸೂರಿನ ಮೇಷ್ಟ್ರಿಗೆ ಫೋನ್ ಮಾಡಿ, ಬಂದೀನ್ರಿ ಸರ್, ಅಂದೆ. ಅವರು ಕೇಳಿದ್ದು ಒಂದೇ: "ಇಂದ್ರನ ಕಥಿ ಓದಿದಿರೇನು?"

ಓದಿದ್ದೆ. ಚಿಕ್ಕಬೆಟ್ಟದ ಮೇಲೆ ಅವನದೂ ಒಂದು ಶಾಸನ ಇದೆ. ಮಾವನ ಹಾಗೆ ಅದರಲ್ಲಿ ಯುದ್ಧಗಳ ಪಟ್ಟಿ ಇಲ್ಲ. ಇಂದ್ರ ಕುದುರೆ ಮೇಲೆ ಕೂತು ಚೆಂಡಾಟ ಆಡ್ತಿದ್ದ. ಇವತ್ತಿನ ಪೋಲೊ ಥರದ ಆಟ. ಹೇಗೆ ಕುದುರೆ ತಿರುಗಿಸ್ತಿದ್ದ, ಹೇಗೆ ಚೆಂಡು ಹೊಡೀತಿದ್ದ, ಅವನ ಸಮಕ್ಕೆ ಆಡೋರು ಯಾರೂ ಇರಲಿಲ್ಲ ಅಂತ ಪದ್ಯದ ಮೇಲೆ ಪದ್ಯ. ಕೊನೆಗೆ ತಾರೀಖು: ಶಕ 904, ಚೈತ್ರ ಮಾಸ, ಸೋಮವಾರ. ನಮ್ಮ ಲೆಕ್ಕಕ್ಕೆ 982ರ ಮಾರ್ಚ್ 20. ಮಾವ ಹೋಗಿ ಏಳೆಂಟು ವರ್ಷದ ಮೇಲೆ, ಅದೇ ವ್ರತ ಹಿಡಿದು, ರಾಷ್ಟ್ರಕೂಟರ ಕೊನೆಯ ಅರಸ ಅಲ್ಲಿ ಪ್ರಾಣ ಬಿಟ್ಟ.